ಟೆಸ್ಟ್ ಟ್ಯೂಬಿನಲ್ಲಿ ಒಬ್ಬಳು ರಾಣಿ

ಜೂನ್‌ನ ಮೊದಲ ಮಳೆ ಬಿದ್ದ ಸಂಜೆ ಮಂಗಳೂರಿನ ಯಾವ ಮನೆಯ ಸಿಟೌಟಿಗೆ ಹೋದರೂ ಒಂದೇ ಚಿತ್ರ. ಟ್ಯೂಬ್‌ಲೈಟ್ ಸುತ್ತ ರೆಕ್ಕೆಹುಳುಗಳ ಜಾತ್ರೆ. ಗೋಡೆಯಲ್ಲಿ ತಿಂದು ತಿಂದು ಓಡಲಾಗದ ಹಲ್ಲಿಗಳು. ಊಟದ ಬಟ್ಟಲಿಗೆ ಬೀಳುತ್ತವೆಂದು ಮನೆಯವರು ಲೈಟ್ ಆಫ್ ಮಾಡಿ ಕತ್ತಲಲ್ಲಿ ಕೂರುತ್ತಾರೆ. ಬೆಳಗ್ಗೆ ನೆಲದ ತುಂಬ ಉದುರಿದ ರೆಕ್ಕೆ. ಹಿಡಿಸೂಡಿಯಿಂದ ಗುಡಿಸಿ ಅಂಗಳಕ್ಕೆ ಎಸೆದರೆ ಮುಗಿಯಿತು. ಆ ಕಸದಲ್ಲಿ ಕೆಲವೊಮ್ಮೆ ಒಬ್ಬಳು ರಾಣಿ ಇರುತ್ತಾಳೆ. ರೆಕ್ಕೆ ಕಳಚಿದ, ದಪ್ಪ ಎದೆಯ, ಗೋಡೆಯ ಅಂಚು ಹಿಡಿದು ಗಡಿಬಿಡಿಯಲ್ಲಿ ಓಡುವ ಕಪ್ಪು ಇರುವೆ. ವರ್ಷಗಟ್ಟಲೆ ನಡೆಯಬಹುದಾದ ಒಂದು ದೊಡ್ಡ ಸಂಸಾರ ಅವಳೊಬ್ಬಳ ಹೊಟ್ಟೆಯಲ್ಲಿರುತ್ತದೆ.

ಅವಳನ್ನು ಎತ್ತಿ ಗಾಜಿನ ಟ್ಯೂಬಿನಲ್ಲಿಟ್ಟು ಆ ಸಂಸಾರ ಬೆಳೆಯುವುದನ್ನು ನೋಡುವುದೇ ಒಂದು ಹವ್ಯಾಸ. ಯುರೋಪ್, ಅಮೆರಿಕದಲ್ಲಿ ಇದಕ್ಕೆಂದೇ ಗೂಡು ತಯಾರಿಸಿ ಮಾರುವವರಿದ್ದಾರೆ. ನಮ್ಮಲ್ಲಿ ಹೇಳಿದರೆ ಮೊದಲು ನಗು ಬರುತ್ತದೆ. ನನ್ನ ಅಮ್ಮ ಹೇಳಿದ್ದು ಇಷ್ಟೇ: "ಜನ ಇರುವೆ ಓಡಿಸ್ಲಿಕ್ಕೆ ದುಡ್ಡು ಖರ್ಚು ಮಾಡ್ತಾರೆ, ನೀನು ಸಾಕ್ಲಿಕ್ಕೆ ಹೊರಟದ್ದಾ?" ಒಂದು ಇಂಟರ್‌ವ್ಯೂಗೆ ಕಳಿಸಿದ ರೆಸ್ಯೂಮೆಯಲ್ಲಿ, ಎಲ್ಲರೂ 'ರೀಡಿಂಗ್, ಮ್ಯೂಸಿಕ್' ಎಂದು ಬರೆಯುವ ಕಾಲಂನಲ್ಲಿ ನಾನು 'ಇರುವೆ ಸಾಕಣೆ' ಎಂದು ಬರೆದಿದ್ದೆ. ಎದುರು ಕೂತಿದ್ದ ಮೂವರೂ ಹತ್ತು ನಿಮಿಷ ಅದನ್ನೇ ಕೇಳಿದರು, ಒಬ್ಬರು ಅಡುಗೆಮನೆಯ ಇರುವೆ ಓಡಿಸುವ ಉಪಾಯವನ್ನೂ ಕೇಳಿದರು. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ಶುರು ಮಾಡುವ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಮಳೆಗಾಲದ ಆರಂಭದಲ್ಲಿ ಲೈಟಿಗೆ ಬರುವ ರೆಕ್ಕೆಹುಳುಗಳಲ್ಲಿ ಹೆಚ್ಚಿನವು ಇರುವೆಗಳೇ ಅಲ್ಲ, ಗೆದ್ದಲು. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಇರುವೆ ಜೇನು, ಕಣಜಗಳ ಕಡೆಯದು. ಗೆದ್ದಲು ಜಿರಳೆಯ ಕಡೆಯದು. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆ, ಮೈ ಮೆತ್ತಗೆ, ಸೊಂಟವೇ ಇಲ್ಲ, ಮೀಸೆ ಮಣಿಸರದ ಹಾಗೆ ನೇರ. ಇರುವೆಯ ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಸೊಂಟ ದಾರದಷ್ಟು ಸಣ್ಣ. ಮೀಸೆ ನಮ್ಮ ಮೊಣಕೈಯಂತೆ ನಡುವಲ್ಲಿ ಮಡಚಿರುತ್ತದೆ. ಒಮ್ಮೆ ಕಣ್ಣು ಪಳಗಿದರೆ ಮತ್ತೆ ತಪ್ಪುವುದಿಲ್ಲ.

ಆ ಸಂಜೆ ಹಾರುವ ಇರುವೆಗಳಲ್ಲಿ ಗಂಡೂ ಇರುತ್ತವೆ, ಹೆಣ್ಣೂ ಇರುತ್ತವೆ. ಗಂಡು ಸಣಕಲು, ತಲೆ ಚಿಕ್ಕದು. ಅವು ಸ್ವಲ್ಪ ದಿನದಲ್ಲೇ ಸಾಯುತ್ತವೆ. ಹೆಣ್ಣು ಆ ಒಂದು ಹಾರಾಟದಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿಟ್ಟುಕೊಂಡು ಜೀವಮಾನವಿಡೀ ಅದರಿಂದಲೇ ಮೊಟ್ಟೆಗಳನ್ನು ಫಲಿತಗೊಳಿಸುತ್ತಾಳೆ. ನೆಲಕ್ಕಿಳಿದ ಮೇಲೆ ರೆಕ್ಕೆಯನ್ನು ತಾನೇ ಕಳಚಿಹಾಕುತ್ತಾಳೆ. ಹಾಗಾಗಿ ಹುಡುಕಬೇಕಾದ್ದು ರೆಕ್ಕೆ ಇಲ್ಲದ, ಆದರೆ ರೆಕ್ಕೆ ಇದ್ದ ಗುರುತಿರುವ ಹೆಣ್ಣನ್ನು. ಕೆಲಸಗಾರ ಇರುವೆಗೆ ಹೋಲಿಸಿದರೆ ಅವಳ ಎದೆಭಾಗ ಉಬ್ಬಿ ಕಾಣುತ್ತದೆ, ಹೊಟ್ಟೆ ದೊಡ್ಡದು, ಎದೆಯ ಪಕ್ಕ ರೆಕ್ಕೆ ಮುರಿದ ಕಲೆ. ರೆಕ್ಕೆ ಇರುವುದು ಸಿಕ್ಕರೆ ಅದು ಕೂಡಿದ್ದೋ ಇಲ್ಲವೋ ಹೇಳಲಾಗದು.

ನಮ್ಮ ಊರಿನಲ್ಲಿ ಹೊಸಬರಿಗೆ ಹೇಳಿ ಮಾಡಿಸಿದ್ದು ದೊಡ್ಡ ಕಪ್ಪು ಇರುವೆ. ಕೆಲವು ಕಡೆ ಗೊದ್ದ ಎನ್ನುತ್ತಾರೆ, ವಿಜ್ಞಾನದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಹಲಸಿನ ಮರದ ಬುಡ, ಮುರಕಲ್ಲಿನ ಪಾಗಾರದ ಸಂದು, ತೆಂಗಿನ ಕಟ್ಟೆ, ಎಲ್ಲ ಕಡೆ ಉಂಟು. ಇದಕ್ಕೆ ಕೊಂಡಿ ಇಲ್ಲ. ಕಚ್ಚಿದರೂ ಗಾಬರಿಯಾಗುವಂಥದ್ದಲ್ಲ. ಮುಖ್ಯವಾಗಿ, ಇದರ ರಾಣಿ ಸಂಸಾರ ಹೂಡುವಾಗ ಹೊರಗೆ ಹೋಗಿ ಆಹಾರ ತರುವುದಿಲ್ಲ.

ಇಡೀ ಹವ್ಯಾಸ ನಿಂತಿರುವುದೇ ಈ ಕೊನೆಯ ಮಾತಿನ ಮೇಲೆ. ಮಣ್ಣಿನಲ್ಲಿ ಸಣ್ಣ ಬಿಲ ತೋಡಿ, ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡ ರಾಣಿ ಮೊದಲ ಮಕ್ಕಳು ದೊಡ್ಡವಾಗುವವರೆಗೆ ಒಂದು ತುತ್ತೂ ತಿನ್ನುವುದಿಲ್ಲ. ಹಾರಲು ಬೇಕಿದ್ದ ಎದೆಯ ಸ್ನಾಯುಗಳು ಇನ್ನು ಬೇಕಿಲ್ಲವಲ್ಲ, ಅವುಗಳನ್ನೇ ಕರಗಿಸಿಕೊಳ್ಳುತ್ತಾಳೆ. ಆ ಸ್ನಾಯು ಮತ್ತು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅವಳ ಊಟ, ಮರಿಗಳ ಊಟವೂ ಅದೇ. ಆಗ ಅವಳಿಗೆ ಬೇಕಾದದ್ದು ಮೂರೇ: ಕತ್ತಲೆ, ತೇವ, ನಿಶ್ಶಬ್ದ. ಟೆಸ್ಟ್ ಟ್ಯೂಬ್ ಈ ಮೂರನ್ನೂ ಕೊಡುತ್ತದೆ.

ಕಾಲೇಜಿನ ಲ್ಯಾಬ್‌ಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಹೆಬ್ಬೆರಳು ಗಾತ್ರದ, ಒಂದು ಗೇಣಿಗಿಂತ ಸ್ವಲ್ಪ ಗಿಡ್ಡ ಟ್ಯೂಬ್ ಕೇಳಿ. ಗಾಜಿನದೇ ಒಳ್ಳೆಯದು. ಮೂರನೇ ಒಂದು ಭಾಗ ನೀರು ತುಂಬಿ, ಪೆನ್ನಿನ ಹಿಂಬದಿಯಿಂದ ಹತ್ತಿಯ ಉಂಡೆಯನ್ನು ನೀರಿಗೆ ತಾಗುವಷ್ಟು ತಳ್ಳಬೇಕು. ಹತ್ತಿ ನೆನೆಯಬೇಕು, ನೀರು ಈಚೆ ಬರಬಾರದು. ಉಳಿದ ಖಾಲಿ ಜಾಗಕ್ಕೆ ರಾಣಿಯನ್ನು ಬಿಟ್ಟು, ಬಾಯಿಗೆ ಒಣ ಹತ್ತಿ. ಗಾಳಿ ಹತ್ತಿಯ ಮೂಲಕವೇ ಆಡುತ್ತದೆ. ಟ್ಯೂಬಿಗೊಂದು ಕಾಗದ ಸುತ್ತಿ ಮೇಜಿನ ಡ್ರಾಯರ್‌ನಲ್ಲೋ ಕಪಾಟಿನಲ್ಲೋ ಇಟ್ಟರೆ ನಿಮ್ಮ ಕೆಲಸ ಮುಗಿಯಿತು. ಫ್ರಿಜ್ ಮೇಲೆ ಬೇಡ, ಮಿಕ್ಸಿ ಇಡುವ ಕಟ್ಟೆಯ ಮೇಲೂ ಬೇಡ. ನಮಗೆ ಗೊತ್ತೇ ಆಗದ ಅದುರು ಅವಳಿಗೆ ಭೂಕಂಪ. ಕಿಟಕಿಯ ಬಿಸಿಲು ಅದಕ್ಕಿಂತ ಕೆಟ್ಟದು, ಗಾಜಿನೊಳಗೆ ಅರ್ಧ ಗಂಟೆ ಸಾಕು. ನನಗೆ ಒಟ್ಟು ಆದ ಖರ್ಚು ಒಂದು ಪ್ಲೇಟ್ ಗೋಳಿಬಜೆಯಷ್ಟು.

ಇನ್ನು ಮುಂದಿನದು ಕಷ್ಟದ ಭಾಗ. ಏನೂ ಮಾಡಬಾರದು.

ಅನುಭವಿಗಳನ್ನು ಕೇಳಿದರೆ, ಹೊಸಬರ ರಾಣಿ ಸಾಯುವ ಅಥವಾ ತನ್ನ ಮೊಟ್ಟೆಗಳನ್ನೇ ತಿಂದುಬಿಡುವ ದೊಡ್ಡ ಕಾರಣ ಹಸಿವಲ್ಲ, ನೋಡುವ ಚಟ ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ಡ್ರಾಯರ್ ಎಳೆದು, ಮೊಬೈಲ್ ಟಾರ್ಚ್ ಹಾಕಿ, ಟ್ಯೂಬ್ ತಿರುಗಿಸಿ ನೋಡಿದರೆ ಜಾಗ ಸುರಕ್ಷಿತವಲ್ಲವೆಂದು ಅವಳಿಗೆ ಅನಿಸುತ್ತದೆ. ಮೊಟ್ಟೆ ತಿಂದು ಶಕ್ತಿ ವಾಪಸ್ ಪಡೆಯುವುದು ಅವಳ ಲೆಕ್ಕದಲ್ಲಿ ಸರಿಯಾದ ತೀರ್ಮಾನ. ಪರೀಕ್ಷೆ ಬರೆದು ರಿಸಲ್ಟ್ ಪೇಜನ್ನು ಗಂಟೆಗೊಮ್ಮೆ ರಿಫ್ರೆಶ್ ಮಾಡುವ ನಮ್ಮಂಥವರಿಗೆ ಇದು ಸುಲಭವಲ್ಲ. ನಾನು ಹತ್ತು ದಿನಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಎರಡು ನಿಮಿಷ ಎಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡೆ. ಹತ್ತನೇ ದಿನ ಭಾನುವಾರ ಬರುವುದಿಲ್ಲ ಎಂದು ತಂಗಿ ಲೆಕ್ಕ ತೋರಿಸಿದಳು. ಕೊನೆಗೆ ಎರಡು ಭಾನುವಾರಕ್ಕೊಮ್ಮೆ ಎಂದಾಯಿತು.

ಮೊದಲ ಸಲ ನೋಡಿದಾಗ ಬಿಳಿ ಚುಕ್ಕೆಗಳ ಒಂದು ಗೊಂಚಲು, ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ಎರಡನೇ ಸಲ ಅವುಗಳಲ್ಲಿ ಕೆಲವು ಬಾಗಿದ ಅಕ್ಕಿಕಾಳಿನಂಥ ಮರಿಹುಳುಗಳಾಗಿದ್ದವು. ಮೂರನೇ ಸಲ ಕಂದು ಬಣ್ಣದ ಕೋಶಗಳು. ಕಲ್ಲು ಎತ್ತಿದಾಗ ಇರುವೆಗಳು ಬಾಯಲ್ಲಿ ಕಚ್ಚಿಕೊಂಡು ಓಡುತ್ತವಲ್ಲ, ನಾವು 'ಇರುವೆ ಮೊಟ್ಟೆ' ಎನ್ನುತ್ತೇವಲ್ಲ, ಅವು ನಿಜವಾಗಿ ಈ ಕೋಶಗಳು. ಮೊಟ್ಟೆ ಅಷ್ಟು ದೊಡ್ಡದಿರಲು ಸಾಧ್ಯವೇ ಇಲ್ಲ. ಈ ಜಾತಿಯಲ್ಲಿ ಮೊಟ್ಟೆಯಿಂದ ಕೆಲಸಗಾರ ಇರುವೆಯಾಗಲು ಸುಮಾರು ಒಂದೂವರೆ ತಿಂಗಳು, ಕೆಲವೊಮ್ಮೆ ಎರಡು. ಶೆಕೆಯ ನಮ್ಮ ಊರು ಇಲ್ಲಿ ಉಪಕಾರಿ. ಚಳಿದೇಶಗಳಲ್ಲಿ ಇರುವೆ ಸಾಕುವವರು ಚಳಿಗಾಲ ಬಂತೆಂದರೆ ಕಾಲೊನಿಯನ್ನು ಫ್ರಿಜ್‌ನಲ್ಲೋ ತಣ್ಣನೆಯ ನೆಲಮಾಳಿಗೆಯಲ್ಲೋ ಇಟ್ಟು ತಿಂಗಳುಗಟ್ಟಲೆ ನಿದ್ದೆ ಮಾಡಿಸಬೇಕು. ಮಂಗಳೂರಿನಲ್ಲಿ ಆ ರಗಳೆ ಇಲ್ಲ.

ಮಂಗಳೂರಿನ ರಗಳೆ ಬೇರೆ. ಜುಲೈಯಲ್ಲಿ ಚಪ್ಪಲಿ, ಬೆಲ್ಟು, ಸರ್ಟಿಫಿಕೇಟ್ ಫೈಲ್ ಎಲ್ಲದಕ್ಕೂ ಬೂಷ್ಟು ಬರುವ ಊರು ಇದು. ಟ್ಯೂಬಿನ ಹತ್ತಿಗೂ ಬರುತ್ತದೆ. ಹತ್ತಿಯ ಮೇಲೆ ಕಪ್ಪು, ಹಳದಿ ಕಲೆ ಕಂಡ ಕೂಡಲೇ ರಾಣಿಯನ್ನು ಎಳೆದು ಹೊಸ ಟ್ಯೂಬಿಗೆ ಹಾಕಬೇಕಿಲ್ಲ, ಸ್ವಲ್ಪ ಬೂಷ್ಟು ಅವಳಿಗೆ ತೊಂದರೆ ಮಾಡುವುದಿಲ್ಲ. ತೀರಾ ಹೆಚ್ಚಾದರೆ ಹೊಸ ಟ್ಯೂಬನ್ನು ಹಳೆಯದರ ಬಾಯಿಗೆ ಬಾಯಿ ಇಟ್ಟು ಟೇಪ್ ಸುತ್ತಿ, ಹೊಸದಕ್ಕೆ ಕಾಗದ ಹೊದಿಸಿ ಕತ್ತಲೆ ಮಾಡಿ, ಹಳೆಯದನ್ನು ಬೆಳಕಿಗೆ ಬಿಡಬೇಕು. ಒಂದೆರಡು ದಿನದಲ್ಲಿ ಅವಳೇ ಮಕ್ಕಳುಮರಿ ಹೊತ್ತುಕೊಂಡು ಮನೆ ಬದಲಿಸುತ್ತಾಳೆ. ಬಾಡಿಗೆ ಮನೆ ಬದಲಿಸುವಾಗ ನಮಗೆ ಟೆಂಪೋ ಬೇಕು.

ಮೊದಲ ಮಕ್ಕಳು ಕುಳ್ಳರು. ಅಮ್ಮನ ಮೈಯಲ್ಲಿದ್ದ ಸ್ವಲ್ಪ ಸರಕನ್ನೇ ಹಂಚಿ ಬೆಳೆಸಿದ್ದಲ್ಲವೇ, ಮಾಮೂಲಿ ಇರುವೆಯ ಅರ್ಧದಷ್ಟು ಇರುತ್ತಾರೆ. ನನ್ನ ಟ್ಯೂಬಿನಲ್ಲಿ ಐವರು ಹುಟ್ಟಿದರು. ಅವರು ಬಂದ ದಿನದಿಂದ ನೀವು ಅಡುಗೆಭಟ್ಟರು. ಹುಳು ಸಾಕಲು ಪ್ರೋಟೀನ್ ಬೇಕು, ಕೆಲಸಗಾರರಿಗೆ ಸಿಹಿ ಬೇಕು. ಸಕ್ಕರೆ ನೀರು ಅಥವಾ ನೀರು ಬೆರೆಸಿದ ಜೇನಿನ ಒಂದು ಹನಿಯನ್ನು ಅಲ್ಯುಮಿನಿಯಂ ಫಾಯಿಲ್ ಚೂರಿನ ಮೇಲಿಟ್ಟು ಒಳಗೆ ಸರಿಸಿದರೆ ಸಾಕು. ದೊಡ್ಡ ಹನಿ ಹಾಕಿದರೆ ಈಜುಕೊಳ. ಪ್ರೋಟೀನಿಗೆ ಸೊಳ್ಳೆ. ಮಲೇರಿಯಾಕ್ಕೆ ಹೆಸರಾದ ಊರಿನಲ್ಲಿ ಅದಕ್ಕೇನು ಬರ! ಬ್ಯಾಟಿನಿಂದ ಹೊಡೆದ ಸೊಳ್ಳೆಯಲ್ಲಿ ವಿಷ ಇರುವುದಿಲ್ಲ, ಚಿಮುಟದಲ್ಲಿ ಎತ್ತಿ ಕೊಡಬಹುದು. ಆದರೆ ಟ್ಯೂಬ್ ಇರುವ ಕೋಣೆಯಲ್ಲಿ ಸೊಳ್ಳೆ ಕಾಯಿಲ್, ಲಿಕ್ವಿಡ್ ಮೆಷಿನ್ ಹಚ್ಚುವಂತಿಲ್ಲ. ಸೊಳ್ಳೆ ಸಾಯಿಸುವ ಹೊಗೆ ಇರುವೆಯನ್ನು ಬಿಟ್ಟೀತೇ? ಇರುವೆ ಚಾಕ್ ಗೆರೆ ಎಳೆದ ಕಪಾಟಿನ ಹತ್ತಿರವೂ ಬೇಡ. ತಿಂದು ಮಿಕ್ಕಿದ್ದನ್ನು ಮರುದಿನ ತೆಗೆಯಲೇಬೇಕು, ಇಲ್ಲದಿದ್ದರೆ ಮತ್ತೆ ಬೂಷ್ಟು.

ಒಂದು ಇರುವೆ ಸಿಹಿ ಕುಡಿದು ಒಳಗೆ ಹೋಗಿ ಇನ್ನೊಂದರ ಬಾಯಿಗೆ ಬಾಯಿಟ್ಟು ನಿಲ್ಲುವುದನ್ನು ಮೊದಲ ಬಾರಿ ನೋಡಿದಾಗ ನಾನು ಮಾಡುತ್ತಿದ್ದ ಕೆಲಸ ಮರೆತುಬಿಟ್ಟಿದ್ದೆ. ಇರುವೆಗೆ ಎರಡು ಹೊಟ್ಟೆ. ಮುಂದಿನದು ಊರಿನದು, ಹಿಂದಿನದು ತನ್ನದು. ಕುಡಿದದ್ದು ಮೊದಲು ಊರ ಹೊಟ್ಟೆಯಲ್ಲಿ ನಿಲ್ಲುತ್ತದೆ, ಕೇಳಿದವರಿಗೆಲ್ಲ ಕಕ್ಕಿ ಹಂಚುತ್ತದೆ. ಈ ಊರ ಹೊಟ್ಟೆಯನ್ನು ಜಗತ್ತಿಗೆ ಚಂದವಾಗಿ ತೋರಿಸಿದವರು ನಮ್ಮ ಮೈಸೂರಿನವರು. ಚೆಲ್ಲಿದ ಹಾಲು ಕುಡಿದ ಪುಟ್ಟ ಇರುವೆಗಳ ಹೊಟ್ಟೆ ಬೆಳ್ಳಗಾದದ್ದನ್ನು ವಿಜ್ಞಾನಿ ಮೊಹಮ್ಮದ್ ಬಾಬು ಅವರಿಗೆ ಅವರ ಹೆಂಡತಿ ತೋರಿಸಿದರಂತೆ. ಅವರು ಸಕ್ಕರೆ ಪಾಕಕ್ಕೆ ಕೆಂಪು, ಹಸಿರು, ನೀಲಿ ಬಣ್ಣ ಬೆರೆಸಿ ತೋಟದಲ್ಲಿ ಹನಿ ಹನಿ ಇಟ್ಟು ಫೋಟೋ ತೆಗೆದರು. ಪಾರದರ್ಶಕ ಹೊಟ್ಟೆಯಲ್ಲಿ ಬಣ್ಣದ ದೀಪ ಹೊತ್ತಿಸಿಕೊಂಡಂತೆ ಕಾಣುವ ಆ ಇರುವೆಗಳ ಚಿತ್ರಗಳು 2011ರಲ್ಲಿ ವಿದೇಶಿ ಪತ್ರಿಕೆಗಳಲ್ಲೂ ಬಂದವು. ಎರಡು ಬಣ್ಣ ಕುಡಿದವುಗಳ ಹೊಟ್ಟೆಯಲ್ಲಿ ಮೂರನೇ ಬಣ್ಣ. ಅಡುಗೆಮನೆಯ ಕಟ್ಟೆಯಲ್ಲಿ ಶುರುವಾದ ಪ್ರಯೋಗ ಅದು. ನೀವೂ ಮಾಡಬಹುದು, ಆದರೆ ದೊಡ್ಡ ಕಪ್ಪು ಇರುವೆಯಲ್ಲಿ ಬಣ್ಣ ಕಾಣುವುದಿಲ್ಲ, ಅದಕ್ಕೆ ಸಕ್ಕರೆ ಡಬ್ಬಿಗೆ ಬರುವ ಮಸುಕು ಹೊಟ್ಟೆಯ ಪುಟಾಣಿಗಳೇ ಬೇಕು.

ಇಪ್ಪತ್ತು ಮೂವತ್ತು ಇರುವೆಗಳಾದ ಮೇಲೆ ಟ್ಯೂಬನ್ನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮಲಗಿಸಿ ಬಾಯಿ ತೆರೆದಿಡಬೇಕು. ಡಬ್ಬಿಯೇ ಅವರ ಅಂಗಳ. ತಪ್ಪಿಸಿಕೊಳ್ಳದಂತೆ ಒಳಗೋಡೆಯ ಮೇಲ್ಭಾಗಕ್ಕೆ ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿಯುವುದು ಎಲ್ಲೆಡೆ ಹೇಳುವ ಉಪಾಯ. ಒಣ ಊರಿನಲ್ಲಿ ಅದು ಸರಿ. ನಮ್ಮ ಮಳೆಗಾಲದಲ್ಲಿ ಪೌಡರ್ ತೇವ ಹೀರಿ ಗಟ್ಟಿಯಾಗಿ ಇರುವೆಗೆ ಮೆಟ್ಟಿಲು ಮಾಡಿಕೊಡುತ್ತದೆ. ವ್ಯಾಸಲೀನಿನ ತೆಳು ಲೇಪ ವಾಸಿ. ಅದಕ್ಕೂ ಒಳ್ಳೆಯದು ಅಜ್ಜಿಯಂದಿರ ಉಪಾಯ: ಅಗಲ ತಟ್ಟೆಯಲ್ಲಿ ನೀರು, ನಡುವೆ ಡಬ್ಬಿ. ಪಾಯಸದ ಪಾತ್ರೆಯನ್ನು ಇರುವೆಗಳಿಂದ ಕಾಪಾಡಲು ನಮ್ಮ ಮನೆಗಳಲ್ಲಿ ಎಷ್ಟೋ ಕಾಲದಿಂದ ಇದನ್ನೇ ಮಾಡುತ್ತಾರೆ. ಇಲ್ಲಿ ಪಾತ್ರೆಯಲ್ಲಿರುವುದು ಇರುವೆ, ಕಾಪಾಡಬೇಕಾದ್ದು ಹೊರಗಿನ ಪಾಯಸ. ಇದೊಂದನ್ನು ನೋಡಿದ ಮೇಲೆ ಅಮ್ಮ ಬೈಯುವುದು ಕಮ್ಮಿಯಾಯಿತು. ತಟ್ಟೆಯ ನೀರು ಎರಡು ದಿನಕ್ಕೊಮ್ಮೆ ಚೆಲ್ಲಲು ಮರೆಯಬೇಡಿ, ಸೊಳ್ಳೆ ಅಲ್ಲೇ ಮೊಟ್ಟೆಯಿಟ್ಟೀತು.

ಯಾವ ಇರುವೆ ಬೇಡ ಎನ್ನುವುದನ್ನೂ ಹೇಳಬೇಕು. ಕೆಂಪಗೆ ಮೈ, ತಲೆ ಮತ್ತು ಹೊಟ್ಟೆ ಕಪ್ಪು, ಮರದಲ್ಲಿ ಓಡಾಡುವ ಉದ್ದನೆಯ ಒಂದು ಇರುವೆ ಉಂಟು, ಟೆಟ್ರಾಪೊನೆರಾ. ಅದು ಚುಚ್ಚಿದರೆ ಮತ್ತೆ ಹವ್ಯಾಸದ ಮಾತೆತ್ತುವುದಿಲ್ಲ ನೀವು. ಬೆಂಕಿ ಇರುವೆ ಸೊಲೆನೊಪ್ಸಿಸ್ ಜೆಮಿನೇಟಾ ಕೂಡ ಬೇಡ. ಅದು ಮೂಲದಲ್ಲಿ ಅಮೆರಿಕ ಖಂಡದ ಉಷ್ಣಪ್ರದೇಶದ್ದು, 16ನೇ ಶತಮಾನದ ಸ್ಪೇನಿನ ವ್ಯಾಪಾರಿ ಹಡಗುಗಳ ಮಣ್ಣಿನ ಜೊತೆ ಏಷ್ಯಾಕ್ಕೆ ಬಂದದ್ದು ಎಂದು ಅದರ ವಂಶವಾಹಿ ಪರೀಕ್ಷಿಸಿದವರು ಹೇಳುತ್ತಾರೆ. ಈಗ ನಮ್ಮ ಅಂಗಳದಲ್ಲಿ ಹುಟ್ಟಿ ಬೆಳೆದವರ ಹಾಗೆ ಓಡಾಡಿಕೊಂಡಿದೆ.

ಇನ್ನು ಚಗಳಿ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ, ಉತ್ತರ ಕನ್ನಡ, ಮಲೆನಾಡಿನ ಕಡೆ ಇದರ ಚಟ್ನಿಯೂ ಉಂಟು. ಅದರ ಹೊಲಿಗೆಯ ನೂಲು ಬರುವುದು ಮರಿಹುಳುವಿನ ಬಾಯಿಂದ. ದೊಡ್ಡವರು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರ ಎಳೆದು ಹಿಡಿಯುತ್ತಾರೆ, ಇನ್ನು ಕೆಲವರು ಹುಳುವನ್ನು ಬಾಯಲ್ಲಿ ಹಿಡಿದು ನೇಕಾರನ ಲಾಳಿಯಂತೆ ಅತ್ತಿತ್ತ ಓಡಿಸುತ್ತಾರೆ. ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಇ.ಎಚ್. ಏಟ್ಕೆನ್ ಎಂಬ ಇಂಗ್ಲಿಷ್ ಲೇಖಕ 1890ರಲ್ಲೇ ಈ ಗೂಡುಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಗೇರು ಗಿಡದ ಚಿಗುರು ಹಾಳುಮಾಡುವ ಟೀ ಸೊಳ್ಳೆಯನ್ನು ಈ ಇರುವೆ ಹಿಡಿದು ತಿನ್ನುತ್ತದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಇದರ ಅಧ್ಯಯನ ನಡೆದಿದೆ. ಇಷ್ಟೆಲ್ಲ ಇದ್ದರೂ ಮನೆಯೊಳಗೆ ಸಾಕುವುದು ಬೇಡ. ಅವಕ್ಕೆ ಜೀವಂತ ಮರ ಬೇಕು, ಒಂದಲ್ಲ ಹಲವು ಮರಗಳಲ್ಲಿ ಹರಡುವ ಸಾಮ್ರಾಜ್ಯ ಅದು. ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನೋಡಿದರಾಯಿತು, ಕುರ್ಚಿ ಸ್ವಲ್ಪ ದೂರ ಇರಲಿ.

ಹಣ ಕೊಟ್ಟು ರಾಣಿ ತರಿಸುವ ಯೋಚನೆ ಬಂದರೆ ಕೆನ್ಯಾದ ಕಥೆ ಕೇಳಿ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ನೈವಾಶಾ ಎಂಬಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸಿಕ್ಕಿಬಿದ್ದರು. ಇಬ್ಬರ ವಯಸ್ಸೂ ಹತ್ತೊಂಬತ್ತು ಅಷ್ಟೇ. ಅವರ ಬಳಿ ಇದ್ದದ್ದು ಆನೆ ದಂತವಲ್ಲ, ಹತ್ತಿ ತುರುಕಿದ ಎರಡು ಸಾವಿರಕ್ಕೂ ಹೆಚ್ಚು ಟ್ಯೂಬುಗಳಲ್ಲಿ ಸುಮಾರು 5,000 ರಾಣಿ ಇರುವೆಗಳು. ಯುರೋಪಿನ ಹವ್ಯಾಸಿಗಳು ಆ ಜಾತಿಯ ಒಂದೊಂದು ರಾಣಿಗೆ 170 ಪೌಂಡ್‌ವರೆಗೆ ಕೊಡುತ್ತಾರೆಂದು ಆಗ ಸುದ್ದಿಯಾಯಿತು. ಹವ್ಯಾಸಕ್ಕೆ ತೆಗೆದುಕೊಂಡದ್ದು, ಕಾನೂನು ಗೊತ್ತಿರಲಿಲ್ಲ ಎಂದು ಹುಡುಗರು ಹೇಳಿದರು. ನ್ಯಾಯಾಲಯ ಮೇ ತಿಂಗಳಲ್ಲಿ ತಲಾ ಹತ್ತು ಲಕ್ಷ ಕೆನ್ಯಾ ಶಿಲ್ಲಿಂಗ್ ದಂಡ, ಇಲ್ಲವಾದರೆ ಒಂದು ವರ್ಷ ಜೈಲು ಎಂದಿತು. ಒಂದು ರಾಣಿ ಕಾಡಿನಿಂದ ಹೋದರೆ ಅವಳಿಂದ ಹುಟ್ಟಬೇಕಿದ್ದ ಇಡೀ ಗೂಡು ಹೋದ ಹಾಗೆ. ಬಿತ್ತನೆ ಬೀಜ ಹಂಚಿ ಮಣ್ಣನ್ನು ಸಡಿಲ ಮಾಡುವ ಗೂಡದು. ಹೊರದೇಶದ ಇರುವೆ ನಮ್ಮ ತೋಟಕ್ಕೆ ತಪ್ಪಿಸಿಕೊಂಡರೆ ಏನಾದೀತು ಎಂಬುದಕ್ಕೆ ಅಂಗಳದ ಬೆಂಕಿ ಇರುವೆಯೇ ಸಾಕ್ಷಿ. ನಮ್ಮಲ್ಲೂ 2002ರ ಜೀವವೈವಿಧ್ಯ ಕಾಯ್ದೆ ಇದೆ, ಇಲ್ಲಿನ ಜೀವಿಗಳನ್ನು ಹೊರದೇಶದವರಿಗೆ ಕಳಿಸುವುದು ಮಕ್ಕಳಾಟವಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿಂದ ಏನನ್ನೂ ಹೆಕ್ಕಬಾರದು. ನಿಮ್ಮದೇ ಸಿಟೌಟಿನ ಟ್ಯೂಬ್‌ಲೈಟ್ ಕೆಳಗೆ, ಹಲ್ಲಿಯ ಬಾಯಿಗೆ ಹೋಗಲಿದ್ದ ಒಬ್ಬಳು ಸಾಕು. ಒಬ್ಬಳೇ ಸಾಕು.

ಘಟ್ಟದ ಇರುವೆಗಳು ವಿಜ್ಞಾನದ ಲ್ಯಾಬ್‌ಗಳಲ್ಲಿ ಎಷ್ಟು ದೂರ ಹೋಗಿವೆ ಎಂಬುದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂಬ ಜಿಗಿಯುವ ಇರುವೆ ನಮ್ಮ ಕಡೆಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಟಿ.ಎಂ. ಮುಸ್ತಾಕ್ ಅಲಿ ಅವರೂ ಸೇರಿದ್ದ ತಂಡ 1994ರಲ್ಲಿ ಇದರ ಗೂಡಿನ ಕಟ್ಟಡ ವಿದ್ಯೆಯನ್ನು ವಿವರಿಸಿತು. ಕೋಣೆಯ ಗೋಡೆಗೆ ಹಳೆಯ ಕೋಶಗಳ ಚೂರನ್ನು ವಾಲ್‌ಪೇಪರ್‌ನಂತೆ ಹಚ್ಚಿ, ಮಳೆನೀರು ನುಗ್ಗದಂತೆ ಸುತ್ತ ಖಾಲಿ ಜಾಗ ಬಿಟ್ಟು ಕಟ್ಟಿದ ಮನೆ ಅದು. ರಾಣಿ ಸತ್ತರೆ ಕೆಲಸಗಾರರೇ ಮೀಸೆಯಿಂದ ಹೊಡೆದಾಡಿ ಕೆಲವರು ಮೊಟ್ಟೆಯಿಡುವ ಪಟ್ಟಕ್ಕೆ ಏರುತ್ತಾರೆ. ಹಾಗೆ ಏರಿದವರ ಮಿದುಳು ಸುಮಾರು ಶೇ 20ರಿಂದ 25ರಷ್ಟು ಕುಗ್ಗುತ್ತದೆ, ಪಟ್ಟದಿಂದ ಇಳಿಸಿದರೆ ಮತ್ತೆ ಬೆಳೆಯುತ್ತದೆ ಎಂದು ಅಮೆರಿಕದ ಸಂಶೋಧಕರು 2021ರಲ್ಲಿ ಪ್ರಕಟಿಸಿದರು. ಅಧಿಕಾರಕ್ಕೆ ಬಂದವರ ಮಿದುಳಿನ ಬಗ್ಗೆ ಜೋಕ್ ಮಾಡುವ ಆಸೆ ನಿಮಗೂ ಬಂದಿರಬಹುದು, ಬಿಟ್ಟುಬಿಡೋಣ.

ಇಂಥ ಸಂಶೋಧನೆಯ ಮೊದಲ ಮೆಟ್ಟಿಲು ಹವ್ಯಾಸಿಯ ಮನೆಯಲ್ಲೇ ಇತ್ತು. ಬ್ಯಾಂಕ್ ಪರೀಕ್ಷೆಗೆ ಓದುವವರು ಒಬ್ಬರ ಹೆಸರು ನೆನಪಿಡಬಹುದು: ಜಾನ್ ಲಬಕ್. ಲಂಡನ್ನಿನ ಬ್ಯಾಂಕರ್, ಸಂಸದ, 1871ರಲ್ಲಿ ಬ್ರಿಟನ್ನಿಗೆ ಬ್ಯಾಂಕ್ ರಜೆಯ ಕಾನೂನು ತಂದವರು. ಬ್ಯಾಂಕ್ ಕೆಲಸದ ಬಿಡುವಿನಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ತೆಳುವಾಗಿ ಮಣ್ಣು ತುಂಬಿ ಇರುವೆ ಸಾಕಿದರು, ಒಂದೊಂದಕ್ಕೆ ಬಣ್ಣದ ಚುಕ್ಕೆ ಇಟ್ಟು ಯಾವುದು ಎಲ್ಲಿಗೆ ಹೋಗುತ್ತದೆಂದು ಗಂಟೆಗಟ್ಟಲೆ ಬರೆದಿಟ್ಟರು. 1882ರ ಅವರ ಪುಸ್ತಕಕ್ಕೆ ಸರಕು ಅದೇ. ಅವರು 1874ರಲ್ಲಿ ತಂದ ರಾಣಿಯೊಂದು 1888ರವರೆಗೆ ಬದುಕಿತ್ತು. ಯುರೋಪಿನ ಕಪ್ಪು ತೋಟದಿರುವೆಯ ರಾಣಿಯೊಂದು ಸಾಕಿದವರ ಬಳಿ ಹೆಚ್ಚುಕಮ್ಮಿ 29 ವರ್ಷ ಬದುಕಿದ ದಾಖಲೆಯೂ ಇದೆ. ಇದಕ್ಕೆ ತದ್ವಿರುದ್ಧ 1956ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ಆ್ಯಂಟ್ ಫಾರ್ಮ್' ಆಟಿಕೆ. ಅದರಲ್ಲಿ ರಾಣಿಯೇ ಇರುತ್ತಿರಲಿಲ್ಲ. ಕೆಲಸಗಾರ ಇರುವೆಗಳು ಸುರಂಗ ತೋಡಿ, ಕೆಲವು ವಾರ, ತಿಂಗಳಲ್ಲಿ ಒಂದೊಂದಾಗಿ ಸತ್ತು ಮುಗಿಯುತ್ತಿದ್ದವು. ಆನ್‌ಲೈನ್‌ನಲ್ಲಿ ಈಗ ಸಿಗುವ ನೀಲಿ ಜೆಲ್ ಪೆಟ್ಟಿಗೆಗಳೂ ಹೆಚ್ಚುಕಡಿಮೆ ಅದೇ. ನೋಡಲು ಚಂದ, ಆದರೆ ಒಳಗೆ ನಡೆಯುವುದು ಸಂಸಾರವಲ್ಲ.

ಈ ಹದಿನಾಲ್ಕು ವರ್ಷ, ಇಪ್ಪತ್ತೊಂಬತ್ತು ವರ್ಷದ ಲೆಕ್ಕವೇ ನಮ್ಮ ವಯಸ್ಸಿನವರು ಯೋಚಿಸಬೇಕಾದ್ದು. ನಮ್ಮ ಕಪ್ಪು ಇರುವೆಯ ರಾಣಿ ಅಷ್ಟು ಬದುಕದಿದ್ದರೂ ನಮ್ಮ ಡಿಗ್ರಿಗಿಂತ, ಪಿ.ಜಿ. ರೂಮಿನ ಅಗ್ರಿಮೆಂಟ್‌ಗಿಂತ ಹೆಚ್ಚು ಕಾಲ ಬದುಕುವುದು ಖಂಡಿತ ಸಾಧ್ಯ. ಎರಡನೇ ವರ್ಷಕ್ಕೆ ಟ್ಯೂಬ್ ಸಾಲದು, ನೂರಾರು ಇರುವೆಗಳಾಗುತ್ತವೆ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೋಣೆ ಕೊರೆದು ಗಾಜು ಮುಚ್ಚಿದ ಗೂಡು ಬೇಕಾಗುತ್ತದೆ. ಹಾಸ್ಟೆಲ್ ವಾರ್ಡನ್ ಇದಕ್ಕೆ ಒಪ್ಪುತ್ತಾರೆಂದು ನನಗನಿಸುವುದಿಲ್ಲ. ಇಲ್ಲಿ ಓದು ಮುಗಿಸಿದ ಅರ್ಧ ಜನ ಬೆಂಗಳೂರಿನ ರಾತ್ರಿ ಬಸ್ಸಿಗೆ, ಇನ್ನರ್ಧ ಗಲ್ಫ್‌ನ ವಿಮಾನಕ್ಕೆ. ಸೂಟ್‌ಕೇಸಿನಲ್ಲಿ ಕಾಲೊನಿ ಹೋಗುವುದಿಲ್ಲ, ಹೋಗಲೂಬಾರದು.

ಹಾಗಾಗಿ ರಾಣಿಯನ್ನು ಎತ್ತುವ ದಿನವೇ ಅವಳು ಸಿಕ್ಕ ಜಾಗ, ದಿನಾಂಕವನ್ನು ಟ್ಯೂಬಿನ ಮೇಲೆ ಬರೆದಿಡಿ. ಸಾಕಲಾಗದ ದಿನ ಬಂದರೆ ಅದೇ ಅಂಗಳಕ್ಕೆ, ಜಡಿಮಳೆ ನಿಂತ ಮೇಲೆ, ಸಂಜೆಯ ತಂಪಿನಲ್ಲಿ, ನೆರಳಿರುವ ಕಲ್ಲಿನ ಸಂದಿನ ಪಕ್ಕ ಟ್ಯೂಬಿನ ಬಾಯಿ ತೆರೆದು ಮಲಗಿಸಿ. ಹತ್ತಿರದಲ್ಲಿ ಅದೇ ಜಾತಿಯ ದೊಡ್ಡ ಗೂಡು ಇರಬಾರದು, ಇದ್ದರೆ ಬೆಳಗಾಗುವುದರೊಳಗೆ ಯುದ್ಧ ಮುಗಿದಿರುತ್ತದೆ. ಹೊರಗಿನಿಂದ ಖರೀದಿಸಿದ ಇರುವೆಯಾದರೆ ಹೀಗೆ ಬಿಡುವ ದಾರಿಯೂ ಇಲ್ಲ. ಬೇರೆ ಊರಿನದನ್ನು ತರಬಾರದು ಎನ್ನಲು ಇದೂ ಒಂದು ಕಾರಣ.

ನನ್ನ ಡಬ್ಬಿಯಲ್ಲಿ ಈಗ ಎಣಿಸಲು ಸಿಕ್ಕಷ್ಟು ಅರುವತ್ತನಾಲ್ಕು. ದೊಡ್ಡ ತಲೆಯ ಸೈನಿಕ ಒಬ್ಬಳು ಕಳೆದ ತಿಂಗಳು ಹುಟ್ಟಿದಳು, ತಾನು ಯಾರನ್ನು ಕಾಯಬೇಕೆಂದು ಇನ್ನೂ ಗೊತ್ತಿಲ್ಲದವಳ ಹಾಗೆ ಟ್ಯೂಬಿನ ಬಾಯಲ್ಲಿ ನಿಂತಿರುತ್ತಾಳೆ. ಎರಡು ವಾರದಲ್ಲಿ ನಾನು ಬೆಂಗಳೂರಿಗೆ ಹೋಗಬೇಕು, ಆರು ತಿಂಗಳ ಟ್ರೇನಿಂಗ್. ಡಬ್ಬಿ ಪಿಯುಸಿ ಓದುವ ತಂಗಿಯ ಮೇಜಿಗೆ ಹೋಗಿದೆ. ಸಕ್ಕರೆ ನೀರು ಕೊಡುತ್ತೇನೆ, ಸತ್ತ ಸೊಳ್ಳೆ ಮುಟ್ಟುವುದಿಲ್ಲ ಎಂದು ಅವಳು ಷರತ್ತು ಹಾಕಿದ್ದಾಳೆ. ಸೊಳ್ಳೆಯ ಜವಾಬ್ದಾರಿ ಅಮ್ಮನದು. ಬ್ಯಾಟ್ ಹೇಗೂ ಅವರ ಕೈಯಲ್ಲೇ ಇರುತ್ತದೆ.